ಮರುಮಾತಿಲ್ಲದ ಮನೆ

ಆಗಸ್ಟ್ ೪

ಪೂಜ್ಯ ಅಪ್ಪನಿಗೆ ಮಗಳ ನಮಸ್ಕಾರಗಳು.

ಫೋನಿನಲ್ಲಿ ಹೇಳಬೇಕೆಂದು ಪ್ರಯತ್ನಿಸಿದೆ. ನೀವು ಅಂಗಡಿಯಲ್ಲಿದ್ದಿರಿ. ಯಾರೋ ಗಿರಾಕಿ ಕನ್ನಡಕ ಕಿವಿಯ ಹಿಂದೆ ಒತ್ತುತ್ತದೆಂದು ದೂರುತ್ತಿದ್ದರು. ‘ಊಟ ಆಯ್ತಾ, ಓದು ಹೇಗಿದೆ’ ಎಂಬಲ್ಲಿಗೆ ನಮ್ಮ ಮಾತು ಮುಗಿಯಿತು. ಆದ್ದರಿಂದ ಬರೆಯುತ್ತಿದ್ದೇನೆ.

ಅಮ್ಮ ಹೋದ ಮೇಲೆ ಕಾಲೇಜಿಗೆ ಮರಳಿದವಳು ಕೆಲಕಾಲ ಸರಿಯಾಗಿಯೇ ಇದ್ದೆ. ಅನಂತರ ಬೆಳಿಗ್ಗೆ ಏಳುವುದು ಕಷ್ಟವಾಯಿತು. ಎಚ್ಚರವಾಗದೆ ಅಲ್ಲ, ಎಚ್ಚರವಾಗಿದ್ದೂ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದೆ. ಪ್ರಯೋಗಾಲಯದ ತರಗತಿಗಳು ಒಂದೊಂದಾಗಿ ತಪ್ಪಿದವು. ನನ್ನ ಕೋಣೆಯ ಗೆಳತಿಯನ್ನು ನಾವೆಲ್ಲ ಗುಬ್ಬಿ ಎನ್ನುತ್ತೇವೆ. ಅವಳ ಬಾಯಿಗೆ ಬಿಡುವಿಲ್ಲ. ಮೊದಲು ತಮಾಷೆ ಮಾಡಿದಳು: “ಏಳೇ ತಾಯಿ, ಆ ಹಾಸಿಗೆಗಾದ್ರೂ ಸ್ವಲ್ಪ ರಜೆ ಬೇಡ್ವಾ?” ಒಂದು ದಿನ ತಮಾಷೆ ನಿಲ್ಲಿಸಿ ನನ್ನ ಚಪ್ಪಲಿಯನ್ನು ಮಂಚದ ಬಳಿ ತಂದಿಟ್ಟಳು. “ಹಾಕ್ಕೋ. ನಾನೂ ಬರ್ತೀನಿ. ಬಾಗಿಲ ತನಕ.”

ಇಲ್ಲಿ ಗ್ರಂಥಾಲಯದ ಹಿಂಬದಿಯಲ್ಲಿ ವಿದ್ಯಾರ್ಥಿಗಳಿಗೆಂದೇ ಒಬ್ಬ ಆಪ್ತಸಮಾಲೋಚಕಿ ಇದ್ದಾರೆ. ಮನಸ್ಸು ಭಾರವಾದವರು ಹೋಗಿ ಮಾತನಾಡಬಹುದು. ಅಲ್ಲಿ ಆಡಿದ್ದನ್ನು ಅಧ್ಯಾಪಕರಿಗಾಗಲಿ ಮನೆಯವರಿಗಾಗಲಿ ತಿಳಿಸುವುದಿಲ್ಲ. ಹಾಗಾಗಿ ನಾನಿದನ್ನು ನಿಮ್ಮಿಂದ ಮುಚ್ಚಿಡಬಹುದಿತ್ತು, ಮನಸ್ಸಾಗಲಿಲ್ಲ. ಮಂಗಳವಾರಗಳಂದು ಹೋಗುತ್ತಿದ್ದೇನೆ.

ಕೋಪಿಸಿಕೊಳ್ಳಬೇಡಿ. ಅತ್ತೆಗೆ ನೀವೇ ಹೇಳಿ. ನಾನು ಬರೆದರೆ ‘ನಿನಗೇನು ತಲೆ ಕೆಟ್ಟಿದೆಯಾ’ ಎಂದು ಗದರಿಸಿ, ಆಮೇಲೆ ಅಡುಗೆಮನೆಗೆ ಹೋಗಿ ಅಳುತ್ತಾರೆ.

ನಿಮ್ಮ ಮಗಳು


ಆಗಸ್ಟ್ ೧೩

ಚಿರಂಜೀವಿ ಮಗಳಿಗೆ ಅಪ್ಪನ ಅನೇಕ ಆಶೀರ್ವಾದಗಳು.

ಭಗವತ್ಕೃಪೆಯಿಂದ ನಾನೂ ನಿನ್ನ ಅತ್ತೆಯೂ ದೇಹದಲ್ಲಿ ಕುಶಲವಾಗಿದ್ದೇವೆ. ನಿನ್ನ ಪತ್ರವನ್ನು ಓದಿ, ಮಡಚಿ, ಗಾಜು ಉಜ್ಜುವ ಯಂತ್ರದ ಮುಂದೆ ಕುಳಿತೆ. ಒಂದೇ ಅಳತೆಯನ್ನು ಎರಡು ಬಾರಿ ತಪ್ಪಾಗಿ ಓದಿದೆ. ಪರರ ಕಣ್ಣಿಗೆ ಹೋಗುವ ಗಾಜನ್ನು ಅಂಥ ಮನಸ್ಸಿನಿಂದ ಮುಟ್ಟಬಾರದೆಂದು ಯಂತ್ರವನ್ನು ನಿಲ್ಲಿಸಿ ಇದನ್ನು ಬರೆಯುತ್ತಿದ್ದೇನೆ.

ನನಗೆ ಕೋಪವಿಲ್ಲ, ಸಂಕಟವಿದೆ. ನಮ್ಮ ಮನೆಯಲ್ಲಿ ಮಾತಿಗೆ ಸ್ಥಳವಿರಲಿಲ್ಲವೇ? ನಿನ್ನ ಮುತ್ತಜ್ಜನ ಕಾಲದಿಂದಲೂ, ದೀಪ ಹೊತ್ತಿಸಿದ ಮೇಲೆ ಮನೆಮಂದಿಯೆಲ್ಲ ಒಂದೆಡೆ ಕುಳಿತು, ಒಬ್ಬೊಬ್ಬರಾಗಿ, ಎಲ್ಲರಿಗೂ ಕೇಳಿಸುವಂತೆ ತಮ್ಮ ದಿನದ ಸುಖದುಃಖಗಳನ್ನು ದೇವರಿಗೆ ನಿವೇದಿಸುವುದು ನಡೆದುಬಂದಿದೆ. ಅದಕ್ಕಿರುವ ಕಟ್ಟಳೆ ಒಂದೇ: ಒಬ್ಬರು ದೇವರೊಡನೆ ಆಡಿದ್ದನ್ನು ಮತ್ತೊಬ್ಬರು ಆಗಲೇ ಆಗಲಿ ಅನಂತರವೇ ಆಗಲಿ ಎತ್ತಿಕೊಳ್ಳಬಾರದು. ‘ದೇವರ ವಿಳಾಸಕ್ಕೆ ಹೊರಟ ಓಲೆಯನ್ನು ದಾರಿಯಲ್ಲಿ ಒಡೆಯುವವನು ಕಳ್ಳ’ ಎನ್ನುತ್ತಿದ್ದರು ನನ್ನ ಅಜ್ಜ. ಆ ಕಟ್ಟಳೆಯಿದ್ದುದರಿಂದಲೇ ಎಳೆಯ ಮಗುವೂ ತಂದೆಯ ಮೇಲಿನ ದೂರನ್ನು ತಂದೆಯ ಎದುರಿನಲ್ಲೇ ಹೇಳಿ, ಅವನ ಪಕ್ಕದಲ್ಲಿ ಕುಳಿತು ನಿರ್ಭಯವಾಗಿ ಉಣ್ಣುತ್ತಿತ್ತು. ನೀನೇ ಒಮ್ಮೆ, “ದೇವರೇ, ಅಪ್ಪನ ಗೊರಕೆ ನಿಲ್ಸು, ಇಲ್ಲಾಂದ್ರೆ ನನ್ನನ್ನ ಅಜ್ಜಿ ಮನೆಗೆ ಕಳ್ಸು” ಎಂದು ಬೇಡಿಕೊಂಡಿದ್ದೆ. ನಾನು ನಗಲೂ ಇಲ್ಲ, ಗದರಲೂ ಇಲ್ಲ.

ಅಂಥ ಮನೆಯ ಮಗಳು ಪರರೆದುರು ಮನೆಯ ಒಳಗನ್ನು ಬಿಚ್ಚಿಡುವುದೇ? ಸಂಬಳಕ್ಕೆ ಕುಳಿತ ಕಿವಿಗೂ ನಮ್ಮನ್ನು ಸೃಷ್ಟಿಸಿದವನ ಕಿವಿಗೂ ಭೇದವಿಲ್ಲವೇ? ಮಂಗಳವಾರದ ಭೇಟಿಯನ್ನು ನಿಲ್ಲಿಸು. ಆ ಹೊತ್ತಿನಲ್ಲಿ ನಿನ್ನ ಕೋಣೆಯಲ್ಲಿಯೇ ಕುಳಿತು, ಹೇಳಬೇಕಾದುದನ್ನು ಹೇಳಬೇಕಾದವನಿಗೆ ಹೇಳು. ಅವನು ಕೈಬಿಡುವವನಲ್ಲ.

ನಿನ್ನ ಶ್ರೇಯಸ್ಸನ್ನು ಬಯಸುವ
ಅಪ್ಪ


ಆಗಸ್ಟ್ ೨೭

ಪೂಜ್ಯ ಅಪ್ಪನಿಗೆ ನಮಸ್ಕಾರಗಳು.

ನಿಮ್ಮ ಮಾತಿನಂತೆ ಒಂದು ಮಂಗಳವಾರ ಕೋಣೆಯಲ್ಲಿಯೇ ಕಣ್ಣು ಮುಚ್ಚಿ ಕುಳಿತೆ, ದೇವರಿಗೆ ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಸಿದಾಗ ಪಕ್ಕದ ಕೋಣೆಯ ನಲ್ಲಿಯ ಸದ್ದು ಮಾತ್ರ ಇತ್ತು. ಮುಂದಿನ ಮಂಗಳವಾರ ಮತ್ತೆ ಅಲ್ಲಿಗೇ ಹೋದೆ. ನಿಮ್ಮ ಮಾತನ್ನು ಮೀರಿದ್ದೇನೆ, ಕ್ಷಮಿಸಿ.

ಆ ಕೋಣೆ ನೀವು ಊಹಿಸಿದಂತಿಲ್ಲ. ಎರಡು ಕುರ್ಚಿಗಳನ್ನು ತುಸು ಓರೆಯಾಗಿ ಇಟ್ಟಿದ್ದಾರೆ. ಮುಖ ನೋಡಲಾರದವರು ಕಿಟಕಿ ನೋಡಬಹುದು. ಕಿಟಕಿಯಾಚೆ ಸೈಕಲ್ಲುಗಳ ಸಾಲು. ಆಕೆಯ ಚಹಾ ಯಾವಾಗಲೂ ಆರಿಹೋಗಿರುತ್ತದೆ. ಉಪದೇಶ ಮಾಡುವುದಿಲ್ಲ. ನಾನು ಒಂದು ವಾಕ್ಯ ಹೇಳಿ ಸುಮ್ಮನಾದರೆ “ಆಮೇಲೆ?” ಎನ್ನುತ್ತಾರೆ, ಅಷ್ಟೆ. ಮೊದಲ ಸಲ ಹಾಗೆ ಅಂದಾಗ ನನಗೆ ಗಾಬರಿಯಾಯಿತು. ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ‘ಆಮೇಲೆ?’ ಎಂದು ಕೇಳಿದ್ದಿಲ್ಲ.

ಆಕೆಗೆ ಏನು ಹೇಳಿದೆನೆಂಬುದನ್ನು ನಿಮಗೂ ಹೇಳಿಬಿಡುತ್ತೇನೆ. ಕಳೆದ ಬೇಸಿಗೆಯ ರಜೆಯಲ್ಲಿ ನಾನು ಮನೆಯಲ್ಲಿದ್ದಾಗ, ಅಮ್ಮ ದಿನವೂ ಸಂಜೆ ಒಂದೇ ಮಾತು ಹೇಳುತ್ತಿದ್ದಳು: “ದೇವರೇ, ಹೊಟ್ಟೆಯೊಳಗಿನ ಈ ನೋವು ತಡ್ಕೊಳ್ಳೋ ಶಕ್ತಿ ಕೊಡು. ಬೇರೇನೂ ಬೇಡ.” ನೀವು, ಅತ್ತೆ, ನಾನು ಮೂವರೂ ಕೇಳಿಸಿಕೊಂಡೆವು. ಆಮೇಲೆ ತಟ್ಟೆ ಹಾಕಿದೆವು. ಅವಳೇ ಬಡಿಸಿದಳು. ನಾನು ಉಪ್ಪು ಕೊಡು ಅಂದೆ. ಎಲ್ಲಿ ನೋಯುತ್ತದೆ ಅನ್ನಲಿಲ್ಲ. ಬೇಸಿಗೆಯೆಲ್ಲ ಹೀಗೆಯೇ ಕಳೆಯಿತು.

ಅವಳು ಒಲೆಯ ಮುಂದೆ ಕುಸಿದ ದಿನ ಆಸ್ಪತ್ರೆಯಲ್ಲಿ ವೈದ್ಯರು, “ಗಡ್ಡೆ ಇಷ್ಟು ಬೆಳೆಯೋ ತನಕ ಯಾರ ಹತ್ರಾನೂ ಹೇಳ್ಲಿಲ್ವಾ ಇವ್ರು?” ಎಂದಾಗ ನೀವು “ಇಲ್ಲ” ಎಂದಿರಿ. ಅದು ಸುಳ್ಳಲ್ಲ ಅಪ್ಪ. ನಮಗೆ ಅವಳು ಹೇಳಿರಲಿಲ್ಲ.

ನಿಮ್ಮನ್ನು ದೂರುತ್ತಿಲ್ಲ. ಮುಚ್ಚಿದ ಬಾಯಿಗಳಲ್ಲಿ ನನ್ನದೂ ಒಂದು. ಬೆಳಿಗ್ಗೆ ಗೋಡೆಯ ಕಡೆ ತಿರುಗಿ ಮಲಗಿದಾಗ ನನಗೆ ಕಾಣುವುದು ಆ ಉಪ್ಪಿನ ಬಟ್ಟಲು ನೀಡಿದ ಅವಳ ಕೈ.

ನಿಮ್ಮ ಮಗಳು


ಸೆಪ್ಟೆಂಬರ್ ೧೬

ಕಾಲೇಜಿನ ಆಪ್ತಸಮಾಲೋಚಕಿಯವರ ಸನ್ನಿಧಿಗೆ ಗೌರವಪೂರ್ವಕ ವಂದನೆಗಳು.

ತಮಗೆ ಅಪರಿಚಿತನಾದ ನಾನು ತಮ್ಮಲ್ಲಿಗೆ ಬರುವ ಒಬ್ಬ ವಿದ್ಯಾರ್ಥಿನಿಯ ತಂದೆ. ವೃತ್ತಿಯಿಂದ ಕನ್ನಡಕ ಮಾಡುವವನು. ಪತ್ನಿ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ.

ನನ್ನ ಮಗಳು ತಮ್ಮಲ್ಲಿ ಒಂದು ಬೇಸಿಗೆಯ ವಿಷಯವನ್ನು ಹೇಳಿರುವಳೆಂದು ತಿಳಿಯಿತು. ಅದನ್ನು ಅವಳ ಮನಸ್ಸಿನಿಂದ ತಾವು ಮರೆಸಬೇಕೆಂದು ಪ್ರಾರ್ಥಿಸುತ್ತೇನೆ. ಅವಳು ಚಿಕ್ಕವಳು, ಅವಳ ಹೊಣೆ ಅದರಲ್ಲಿ ಏನೂ ಇಲ್ಲ. ಹೊಣೆ ಯಾರದೆಂದು ಅವಳು ಭಾವಿಸಿದ್ದಾಳೆ? ನನ್ನ ಕುರಿತು ಅವಳು ಆಡುವ ಮಾತುಗಳೇನು? ಯಾವ ಧ್ವನಿಯಲ್ಲಿ ಆಡುತ್ತಾಳೆ? ಇಷ್ಟನ್ನು ಗುಟ್ಟಾಗಿ ತಿಳಿಸಿದರೆ, ಮಗಳ ಮುಂದೆ ಹೇಗೆ ನಿಲ್ಲಬೇಕೆಂಬುದನ್ನಾದರೂ ಅರಿತುಕೊಳ್ಳುವೆನು.

ತಮ್ಮ ವಿಧೇಯ,
ಒಬ್ಬ ತಂದೆ


ಸೆಪ್ಟೆಂಬರ್ ೨೦

ಪುಟ್ಟೀ,

ನಿನ್ನತ್ತೆ ಬರೀತಿರೋದು. ಅಕ್ಷರ ಕೋಳಿ ಕೆದರಿದ ಹಾಗಿದೆ ಅಂತ ನಗಬೇಡ, ನಿನಗೆ ಅಕ್ಷರ ತಿದ್ದಿಸಿದ್ದು ಇದೇ ಕೈ.

ನಿನ್ನಪ್ಪ ನಿನ್ನ ಕಾಗದ ಬಂದ ಮೇಲೆ ಅರ್ಧ ಆಗಿದಾನೆ. ಸಂಜೆ ನಾವಿಬ್ಬರೇ ಕೂರೋದು. ಅವನ ಸರದಿ ಬಂದಾಗ ತುಟಿ ಅಲ್ಲಾಡತ್ತೆ, ಸದ್ದು ಬರಲ್ಲ. “ಏನೋ ಬರ್ದಿದಾಳೆ ಹುಡುಗಿ?” ಅಂದ್ರೆ “ಚೆನ್ನಾಗಿದಾಳಂತೆ ಅಕ್ಕ” ಅಂದ. ಚೆನ್ನಾಗಿರೋರ ಕಾಗದ ಓದಿ ಯಾರಾದ್ರೂ ಅನ್ನದ ತಟ್ಟೆ ಸರಿಸ್ತಾರಾ? ನಾನೇನು ಕಿವಿಯಲ್ಲಿ ಹೂ ಇಟ್ಕೊಂಡಿದೀನಾ?

ಒಂದು ಮಾತು ಮುಚ್ಚಿಡೋಕಾಗಲ್ಲ. ನೀನು ಹೋಗ್ತೀಯಲ್ಲ, ಆ ಮೇಡಮ್ಮಿಗೆ ಅವನು ಕಾಗದ ಬರ್ದಿದಾನೆ. ಅಂಚೆಗೆ ಹಾಕು ಅಂತ ನನ್ನ ಕೈಗೇ ಕೊಟ್ಟ. ಒಳಗೇನಿದೆ ಗೊತ್ತಿಲ್ಲ. ಹಾಕ್ಲೋ ಬೇಡ್ವೋ ಅಂತ ಚೀಲದಲ್ಲಿಟ್ಕೊಂಡು ತರಕಾರಿ ತಂದೆ, ಹಾಲು ತಂದೆ, ಕೊನೆಗೆ ಹಾಕ್ಬಿಟ್ಟೆ. ನಿನಗೆ ಗೊತ್ತಿರಲಿ ಅಂತ ಹೇಳಿದೆ.

ಹೊಟ್ಟೆ ತುಂಬ ತಿನ್ನು. ತಲೆಗೆ ಎಣ್ಣೆ ಹಾಕು.

ಅತ್ತೆ


ಸೆಪ್ಟೆಂಬರ್ ೨೬

ಮಾನ್ಯರೇ,

ತಮ್ಮ ಪತ್ರ ತಲುಪಿದೆ. ಈ ಕಚೇರಿಗೆ ಯಾರು ಬರುತ್ತಾರೆಂಬುದನ್ನು ನಾನು ಯಾರಿಗೂ ತಿಳಿಸುವಂತಿಲ್ಲ. ತಾವು ಹೇಳಿದವರು ಬರುತ್ತಾರೆಂದೂ ಹೇಳಲಾರೆ, ಬರುವುದಿಲ್ಲವೆಂದೂ ಹೇಳಲಾರೆ. ಇದು ತಮ್ಮ ಮೇಲಿನ ಅವಿಶ್ವಾಸವಲ್ಲ. ಇಲ್ಲಿ ಕುಳಿತು ಮಾತನಾಡುವವರಿಗೆ ನಾವು ಕೊಟ್ಟ ಮಾತು. ಮರೆಸುವುದಂತೂ ನನಗೆ ಬಾರದ ವಿದ್ಯೆ.

ಯಾರದಾದರೂ ಪ್ರಾಣಕ್ಕೆ ಅಪಾಯವಿದೆಯೆಂದು ತೋರಿದರೆ ಮಾತ್ರ ಈ ನಿಯಮ ಸಡಿಲುತ್ತದೆ. ತಮಗೆ ಎಂದಾದರೂ ಹಾಗೆ ಅನಿಸಿದರೆ ಪತ್ರ ಬರೆಯುತ್ತ ಕೂರದೆ ಕೆಳಗಿನ ಸಂಖ್ಯೆಗೆ ಕೂಡಲೇ ಫೋನ್ ಮಾಡಿ.

ತಾವು ನನ್ನನ್ನು ಕೇಳಿರುವ ಪ್ರಶ್ನೆಗಳು ನನಗೆ ಸೇರಿದವಲ್ಲವೆಂದು, ತಮ್ಮ ದುಃಖವನ್ನು ಗೌರವಿಸಿಯೇ ತಿಳಿಸುತ್ತಿದ್ದೇನೆ.

ಆಪ್ತಸಮಾಲೋಚಕಿ


ಅಕ್ಟೋಬರ್ ೧೫

ಅಪ್ಪ,

ನಿಮ್ಮ ಇಷ್ಟದಂತೆ ಮಂಗಳವಾರ ಹೋಗುವುದನ್ನು ನಿಲ್ಲಿಸಿದ್ದೇನೆ. ಅತ್ತೆಯ ಪತ್ರ ಬಂದ ಮೇಲೆ ಒಮ್ಮೆ ಬಾಗಿಲವರೆಗೆ ಹೋಗಿದ್ದೆ. ಒಳಗಿನ ಎರಡನೆಯ ಕುರ್ಚಿಯಲ್ಲಿ ನೀವೂ ಕುಳಿತಿರುವಿರೆಂದು ಅನಿಸಿತು. ತಿರುಗಿ ಬಂದೆ.

ಇನ್ನು ಯಾರಿಗೂ ತೊಂದರೆ ಕೊಡುವುದಿಲ್ಲ. ಪುಸ್ತಕಗಳನ್ನೂ ಹೊದಿಕೆಯನ್ನೂ ಗುಬ್ಬಿಗೆ ಕೊಟ್ಟಿದ್ದೇನೆ. ಅತ್ತೆಗೆ ನಮಸ್ಕಾರ ತಿಳಿಸಿ. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ಮಗಳು


ಅಕ್ಟೋಬರ್ ೧೮, ನಿನ್ನ ಹಾಸ್ಟೆಲಿನ ಕೆಳಗಿನ ಕೊಠಡಿಯಿಂದ

ಮಗಳೇ,

ಆಶೀರ್ವಾದವನ್ನು ಬರೆಯಲು ವ್ಯವಧಾನವಿಲ್ಲ. ನಿನ್ನ ಪತ್ರ ಬೆಳಿಗ್ಗೆ ಬಂತು. ಹೊದಿಕೆಯನ್ನೂ ಕೊಟ್ಟೆನೆಂಬ ಮಾತನ್ನು ಓದಿದೊಡನೆ ಅಂಗಡಿಯ ಬಾಗಿಲು ಎಳೆದೆ. ನಿನಗೆ ಫೋನ್ ಮಾಡಿದಾಗ ನಿನ್ನ ಗೆಳತಿ ಎತ್ತಿಕೊಂಡು, “ಇಲ್ಲೇ ಇದಾಳೆ ಅಂಕಲ್, ಯಾರ ಜೊತೆನೂ ಮಾತಾಡ್ತಿಲ್ಲ” ಎಂದಳು. “ಒಂಟಿಯಾಗಿ ಬಿಡಬೇಡಮ್ಮ, ಹೊರಟೆ” ಎಂದೆ. ಆಪ್ತಸಮಾಲೋಚಕಿಯವರ ಸಂಖ್ಯೆಗೂ ಫೋನ್ ಮಾಡಿದೆ. ಆಕೆ ನನ್ನನ್ನು ಹೆಚ್ಚು ಪ್ರಶ್ನಿಸಲಿಲ್ಲ. “ಬನ್ನಿ, ನಾನು ಕಚೇರಿಯಲ್ಲಿಯೇ ಇರುತ್ತೇನೆ” ಎಂದರು.

ಈಗ ಕೆಳಗೆ ಕುಳಿತಿದ್ದೇನೆ. ನೀನು ಇಳಿದು ಬರಲೊಲ್ಲೆ ಎಂದೆಯಂತೆ. ಗಂಡಸರು ಮೆಟ್ಟಿಲು ಹತ್ತುವಂತಿಲ್ಲವೆಂದು ಮೇಲ್ವಿಚಾರಕಿ ತಡೆದಿದ್ದಾರೆ. ಅಂಗಡಿಯ ಚೀಟಿಗಳ ಹಿಂಬದಿಯಲ್ಲಿ ಬರೆದು ನಿನ್ನ ಗೆಳತಿಯ ಕೈಯಲ್ಲಿ ಕಳಿಸುತ್ತಿದ್ದೇನೆ.

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ನಿನ್ನ ತಾಯಿಯನ್ನು ಅಂಗಡಿಗೆ ಬರಹೇಳಿದೆ. ಕಟ್ಟಳೆಯಿರುವುದು ಮನೆಗೆ, ಅಂಗಡಿಗಲ್ಲ ಎಂದು ನನ್ನಷ್ಟಕ್ಕೆ ವ್ಯಾಖ್ಯಾನ ಮಾಡಿಕೊಂಡಿದ್ದೆ. ಕಣ್ಣು ಪರೀಕ್ಷೆಯ ಕೋಣೆಯಲ್ಲಿ ಕೂರಿಸಿ, ದೀಪ ತಗ್ಗಿಸಿ, ಗಾಜಿನ ಮೇಲೆ ಗಾಜು ಬದಲಿಸುತ್ತ “ಇದು ಸ್ಪಷ್ಟವೋ, ಅದೋ?” ಎಂದು ಕೇಳುತ್ತ ಹೋದೆ. ದಿನವಿಡೀ ಅಪರಿಚಿತರನ್ನು ಕೇಳುವ ಪ್ರಶ್ನೆ ಅದು. ಕೇಳಬೇಕೆಂದಿದ್ದ ಪ್ರಶ್ನೆಗೆ ಮಾತ್ರ ನಾಲಗೆ ಏಳಲಿಲ್ಲ. ಅವಳು ಕಾದಳು. ತಾನು ಬಂದದ್ದು ಕಣ್ಣಿಗಾಗಿ ಅಲ್ಲವೆಂದು ಅವಳಿಗೆ ಗೊತ್ತಿತ್ತು. ಕೊನೆಗೆ, “ಆಯ್ತಾ? ಇಷ್ಟಕ್ಕೇನಾ ಕರ್ದಿದ್ದು?” ಎಂದು ಸೆರಗು ಸರಿಮಾಡಿಕೊಂಡು ಎದ್ದಳು. ನಾನು ಅವಳಿಗೊಂದು ಹೊಸ ಕನ್ನಡಕ ಮಾಡಿಕೊಟ್ಟೆ.

ಆ ದಿನ ನುಂಗಿದ್ದನ್ನು ಇಂದು ನುಂಗಲಾರೆ. ಮಗಳೇ, ನಿನಗೆ ಬದುಕಿರಬೇಕೆಂದು ಅನಿಸುತ್ತಿದೆಯೇ, ಇಲ್ಲವೇ? ನಾನು ಇದನ್ನು ದೇವರ ಬಳಿ ವಿಚಾರಿಸುತ್ತಿಲ್ಲ, ನಿನ್ನನ್ನೇ ಕೇಳುತ್ತಿದ್ದೇನೆ. ಉತ್ತರ ಏನೇ ಆಗಿರಲಿ, ಬರೆದು ಕಳಿಸು.

ಆ ಕೋಣೆಗೆ ಮತ್ತೆ ಹೋಗು. ಅಲ್ಲಿಗೆ ನಾನು ಕಾಗದವಾಗಿಯೂ ಬರುವುದಿಲ್ಲ.

ಅಪ್ಪ


ಅದೇ ದಿನ

ಅಪ್ಪ,

ಎಷ್ಟೋ ದಿನಗಳಿಂದ ಅನಿಸುತ್ತಿಲ್ಲ. ಇಂದು ಬೆಳಿಗ್ಗೆ ಅನಿಸಲೇ ಇಲ್ಲ.

ನಿಮ್ಮ ಮುಖ ನೋಡಲಾರೆ. ಆ ಕೋಣೆಗೆ ಹೋಗುತ್ತೇನೆ. ಗುಬ್ಬಿ ಹಿಂಬಾಗಿಲಿನಿಂದ ಕರೆದುಕೊಂಡು ಹೋಗುತ್ತಾಳೆ. ನೀವು ಜೊತೆಗೆ ಬರಬೇಡಿ. ಊರಿಗೂ ಹೋಗಬೇಡಿ, ಇವತ್ತು. ಅಲ್ಲೇ ಇರಿ.


ನವೆಂಬರ್ ೨೪

ಪೂಜ್ಯ ಅಪ್ಪನಿಗೆ ನಮಸ್ಕಾರಗಳು.

ಅಂದು ನೀವು ಸಂಜೆಯವರೆಗೂ ಹಾಸ್ಟೆಲಿನ ಕೆಳಗಿನ ಬೆಂಚಿನಲ್ಲಿ ಕುಳಿತಿದ್ದಿರೆಂದು ಗುಬ್ಬಿ ಹೇಳಿದಳು. ಮೇಲ್ವಿಚಾರಕಿಯ ಕನ್ನಡಕದ ಸಡಿಲವಾದ ತಿರುಪನ್ನು ಉಗುರಿನಿಂದಲೇ ಬಿಗಿಮಾಡಿಕೊಟ್ಟಿರಂತೆ. “ನಿಮ್ಮಪ್ಪ ಕೂತ ಕಡೇನೇ ಅಂಗಡಿ ತೆಗೆದ್ಬಿಟ್ರು” ಎನ್ನುತ್ತಾಳೆ.

ಆಪ್ತಸಮಾಲೋಚಕಿ ಅಂದೇ ನನ್ನನ್ನು ಒಬ್ಬ ವೈದ್ಯರ ಬಳಿ ಕಳಿಸಿದರು. ಮಾತ್ರೆ ನುಂಗಿದರೆ ಬಾಯಿ ಒಣಗುತ್ತದೆ, ಆದರೂ ನುಂಗುತ್ತಿದ್ದೇನೆ. ಈಗ ವಾರಕ್ಕೆ ಎರಡು ಬಾರಿ ಆ ಕುರ್ಚಿಯಲ್ಲಿ ಕೂರುತ್ತೇನೆ. ಕೆಲವು ಬೆಳಿಗ್ಗೆ ಏಳುತ್ತೇನೆ, ಕೆಲವು ಬೆಳಿಗ್ಗೆ ಇಲ್ಲ. ಹೊದಿಕೆಯನ್ನು ಗುಬ್ಬಿ ಮರಳಿ ಹೊದಿಸಿದಳು. ಪುಸ್ತಕಗಳನ್ನು ಮಾತ್ರ ‘ಪರೀಕ್ಷೆಗೆ ಓದೋ ಹಾಗಿದ್ರೆ ಕೇಳು, ಸುಮ್ನೆ ಜೋಡಿಸಿಡೋಕೆ ಕೊಡಲ್ಲ’ ಎಂದಿದ್ದಾಳೆ.

ಈ ರಜೆಗೆ ಊರಿಗೆ ಬರುವುದಿಲ್ಲ ಅಪ್ಪ. ಹಾಸ್ಟೆಲಿನಲ್ಲಿ ಉಳಿಯಲು ಅನುಮತಿ ಸಿಕ್ಕಿದೆ.

ನಿಮ್ಮ ಮಗಳು


ಡಿಸೆಂಬರ್ ೩

ಚಿರಂಜೀವಿ ಮಗಳಿಗೆ ಆಶೀರ್ವಾದಗಳು.

ಮಾತ್ರೆಯ ಜೊತೆಗೆ ನೀರು ಹೆಚ್ಚಾಗಿ ಕುಡಿ. ನಿನ್ನ ಗೆಳತಿಯನ್ನು ನಮ್ಮ ಮನೆಯ ಮಗಳೆಂದೇ ಭಾವಿಸಿದ್ದೇನೆಂದು ಅವಳಿಗೆ ಹೇಳು.

ಮೊನ್ನೆ ಸಂಜೆ ನಿನ್ನ ಅತ್ತೆ ಎಂದಿನಂತೆ ಕುಳಿತು, “ದೇವರೇ, ಈ ಮಂಡಿ ಒಂದು ಸರಿಮಾಡಪ್ಪ” ಎಂದಳು. “ಯಾವ ಮಂಡಿ ಅಕ್ಕ?” ಎಂದೆ. ಸಿಡಿಲು ಹೊಡೆದವಳಂತೆ ಕಣ್ಣು ತೆರೆದು, “ನಿನ್ನನ್ಯಾರು ಕೇಳಿದ್ರೋ? ಮಧ್ಯೆ ಬಾಯಿ ಹಾಕ್ತೀಯಾ? ಅಪ್ಪ ಇದ್ದಿದ್ರೆ ನಿನ್ನ ಕಿವಿ ಕೈಗೆ ಬರ್ತಿತ್ತು!” ಎಂದು ಕೂಗಾಡಿದಳು. ಕೂಗಾಡಿ ಮುಗಿದ ಮೇಲೆ, ಗೋಡೆಯನ್ನು ನೋಡುತ್ತ, “ಎಡಗಡೇದು” ಎಂದಳು. ಹೇಳಿದವಳೇ ಬಹಳ ಹೊತ್ತು ಅತ್ತಳು. ಅತ್ತದ್ದು ಮಂಡಿಗಾಗಿ ಅಲ್ಲ. ಮರುದಿನ ವೈದ್ಯರಲ್ಲಿಗೆ ಕರೆದುಕೊಂಡು ಹೋದೆ.

ಅಜ್ಜನ ಕಟ್ಟಳೆ ಕೆಟ್ಟದ್ದೆಂದು ಇಂದಿಗೂ ನಾನು ಹೇಳಲಾರೆ. ಕೇಳಿಸಿಕೊಂಡ ಕಿವಿಗೆ ಕರ್ತವ್ಯವಿಲ್ಲವೆಂದು ಅವರು ಹೇಳಿರಲಿಲ್ಲ. ಹಾಗೆಂದು ತಿಳಿದುಕೊಂಡವನು ನಾನು. ದೇವರ ಮುಂದೆ ಇದನ್ನು ಒಪ್ಪಿಕೊಳ್ಳುವುದು ಸುಲಭ. ಅವನು ಮರುಮಾತಾಡುವುದಿಲ್ಲ.

ನೀನು ಮನೆಗೆ ಬಾರದಿರುವುದಕ್ಕೆ ಕಾರಣವನ್ನು ಬರೆದಿಲ್ಲ. ಚಳಿಯೆಂದೋ ಓದೆಂದೋ ನಾನೇ ಊಹಿಸಿಕೊಂಡು ಸುಮ್ಮನಿರಬಹುದಿತ್ತು. ಇರಲಾರೆ. ಕಾರಣ ನಾನೇ ಏನು? ನಿನಗೆ ನನ್ನ ಮೇಲೆ ಕೋಪವಿದೆಯೇ? ನನ್ನ ಮನಸ್ಸು ನೊಂದೀತೆಂದು ಮೃದುವಾಗಿ ಬರೆಯಬೇಡ. ದೃಷ್ಟಿದೋಷವನ್ನು ಕಡಿಮೆ ಮಾಡಿ ಹೇಳುವ ಗಿರಾಕಿಗೆ ನಾನು ಸರಿಯಾದ ಗಾಜನ್ನು ಕೊಡಲಾರೆ.

ಅಪ್ಪ


ಡಿಸೆಂಬರ್ ೧೪

ಅಪ್ಪ,

ಹೌದು. ಕಾರಣ ನೀವೇ.

ಈ ಎರಡು ಮಾತುಗಳನ್ನು ಬರೆದು, ಹಾಳೆಯನ್ನು ಮಗುಚಿಟ್ಟು, ಎರಡು ದಿನ ಅದರ ಹತ್ತಿರ ಸುಳಿಯಲಿಲ್ಲ. ನಿಮ್ಮ ಮೇಲೆ ನನಗೆ ತುಂಬ ಕೋಪವಿದೆ. ನಾನು ಚಿಕ್ಕವಳಾಗಿದ್ದೆ, ನೀವು ದೊಡ್ಡವರಾಗಿದ್ದಿರಿ. ಅಮ್ಮ ನಿಮ್ಮ ಕಡೆ ನೋಡುತ್ತಲೇ ದೇವರ ಹೆಸರು ಹೇಳುತ್ತಿದ್ದಳು. ನಿಮಗೆ ಅದು ಕಾಣುತ್ತಿತ್ತು. ಅಂಗಡಿಗೆ ಕರೆದು ಕೂರಿಸಿದ್ದನ್ನು ಓದಿದ ಮೇಲೆ ಕೋಪ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಅಷ್ಟು ಹತ್ತಿರ ಹೋಗಿದ್ದಿರಿ.

ನನ್ನ ಮೇಲೆಯೂ ಕೋಪವಿದೆ. ಅದು ಆ ಕೋಣೆಯ ಕೆಲಸ, ಅಲ್ಲಿ ನಡೆಯುತ್ತಿದೆ. ನಿಮ್ಮ ಮೇಲಿನದು ಅಲ್ಲಿ ಮುಗಿಯುವುದಿಲ್ಲ.

ಜನವರಿಯ ಮೊದಲ ಭಾನುವಾರ ಬನ್ನಿ. ಕಾಲೇಜಿನ ಎದುರು ಒಂದು ಚಹದ ಅಂಗಡಿಯಿದೆ, ಗದ್ದಲದ ಜಾಗ. ನಾನು ಅಮ್ಮನ ವಿಷಯ ಮಾತನಾಡುತ್ತೇನೆ. ದನಿ ಏರಬಹುದು, ಆಚೀಚೆಯವರು ತಿರುಗಿ ನೋಡಬಹುದು. ನೀವು ತಲೆ ತಗ್ಗಿಸಿ ಕೂರಬೇಡಿ. ಎದುರುಮಾತಾಡಿ, ತಪ್ಪಿದ್ದರೆ ತಪ್ಪು ಅನ್ನಿ, ಬೇಕಿದ್ದರೆ ಬೈಯಿರಿ.

ದೇವರಿಗೆ ನಾನು ಆಮೇಲೆ ಹೇಳಿಕೊಳ್ಳುತ್ತೇನೆ. ಮೊದಲು ನಿಮಗೆ ಹೇಳಬೇಕು.

ನಿಮ್ಮ ಮಗಳು